ಸ್ಟಾರ್ಟ್ ಆಗದಿದ್ದರೆ ಸೇಠ್ ತಳ್ಳುತ್ತಾನೆ

ಶಾಣ್ಯಾ ಮನುಷ್ಯನ ಬುದ್ಧಿ ಎಲ್ಲಿ ಕೈಕೊಡುತ್ತದೆ ಅಂತ ಯಾರಾದರೂ ಕೇಳಿದರೆ, ಕಾರಿನ ಬಾನೆಟ್ ಎತ್ತಿದ ಜಾಗದಲ್ಲಿ ಅಂತ ನಾನು ಕಣ್ಣು ಮುಚ್ಚಿ ಹೇಳಿಬಿಡುತ್ತೇನೆ. ಬ್ಯಾಂಕಿನಲ್ಲಿ, ಕೋರ್ಟಿನಲ್ಲಿ, ಕಡೆಗೆ ಬೀಗರ ಮನೆಯಲ್ಲಿ ಕೂಡ ಒಂದು ಮಾತು ತಪ್ಪದವರು, ಬಾನೆಟ್ ಮೇಲೆದ್ದ ಕೂಡಲೇ ಚಿಕ್ಕ ಮಕ್ಕಳಾಗಿ ಬಿಡುತ್ತಾರೆ. ಇಂಥದ್ದೊಂದು ಕಣ್ಣಿಗೆ ಬೀಳದ ವಾರ ನನಗೆ ಅಂಗಡಿ ತೆರೆದಂತೆಯೇ ಅನಿಸುವುದಿಲ್ಲ.

ನನ್ನ ಅಂಗಡಿ ಹೈದರಾಬಾದಿನಲ್ಲಿ, ತಾರ್ನಾಕದಿಂದ ಉಪ್ಪಲ್ ಕಡೆ ಹೋಗುವ ರಸ್ತೆಯಲ್ಲಿ, ಮೆಟ್ರೋ ಕಂಬದ ನೆರಳಿನಲ್ಲಿದೆ. ಗಾಡಿ ಸಾಮಾನು, ಪಾಲಿಶು, ಬ್ರಶ್ಶು, ಸ್ಪ್ರೇ ಮಾರುತ್ತೇನೆ. ಪಕ್ಕದ ಖಾಲಿ ಜಾಗದಲ್ಲಿ ಎಂಜಿನ್ ಸ್ವಚ್ಛ ಮಾಡಿಕೊಡುತ್ತೇನೆ. ಎದುರಿಗೇ ಒಬ್ಬ ವಾಟರ್ ಸರ್ವಿಸ್ ಇಟ್ಟಿದ್ದಾನೆ. ಅವನದು ಪ್ರೆಶರ್ ಪೈಪಿನ ಕಾರಭಾರ. ಬಾನೆಟ್ ಎತ್ತಿದ, ಪೈಪು ಬಿಟ್ಟ, ಮುಗಿಯಿತು. ನನ್ನದು ನಿಧಾನದ ಕೆಲಸ. ಎಂಜಿನ್ ತಣ್ಣಗಾಗಬೇಕು, ಬ್ಯಾಟರಿಯ ಮೈನಸ್ ವೈರ್ ಬಿಚ್ಚಬೇಕು, ಫ್ಯೂಸ್ ಡಬ್ಬಿ, ಆಲ್ಟರ್ನೇಟರು, ಗಾಳಿ ಎಳೆಯುವ ಬಾಯಿ ಎಲ್ಲಕ್ಕೂ ಪ್ಲಾಸ್ಟಿಕ್ ಕಟ್ಟಬೇಕು. ಆಮೇಲೆ ಬ್ರಶ್ಶು, ಒದ್ದೆ ಬಟ್ಟೆ, ಗಾಳಿಯ ಬ್ಲೋವರು. ಕಾರಿನೊಳಗೆ ಈಗ ಕಬ್ಬಿಣಕ್ಕಿಂತ ಕರೆಂಟೇ ಜಾಸ್ತಿ. ಅದರ ಮೇಲೆ ಪೈಪು ಬಿಡುವುದೂ ಒಂದೇ, ರೇಡಿಯೋ ಮೇಲೆ ಕೊಡ ಬೋರಲು ಹಾಕುವುದೂ ಒಂದೇ.

ಆ ವರ್ಷ ಶ್ರಾವಣದಿಂದ ದಸರಾ ತನಕದ ಸೀಜನ್ ನಂಬಿ ಗೋದಾಮು ತುಂಬಾ ಮಾಲು ತರಿಸಿದ್ದೆ. ಒಂದು ಬೆಳಿಗ್ಗೆ ಚಹಾದಂಗಡಿಯಲ್ಲಿ ಎದುರಿನವನು ನಾಲ್ಕು ಜನರ ಮುಂದೆ ಕೆಣಕಿದ. ಅವನು ತೆಲುಗಿನವನು. ಅವನ ಮಾತನ್ನು ನಾನು ಕನ್ನಡಕ್ಕೆ ತಿರುಗಿಸಿಯೇ ಬರೆಯುತ್ತೇನೆ, ಬೈಗುಳ ತೆಗೆದು.

"ಸೇಠ್, ನೀವು ಎಂಜಿನ್ ತೊಳಿತೀರೋ, ಅದಕ್ಕೆ ಪೌಡರ್ ಹಚ್ಚಿ ಮದುವಣಗಿತ್ತಿ ಮಾಡ್ತೀರೋ?"

ಚಹಾ ಬಿಸಿ ಇತ್ತು, ನಾನೂ ಬಿಸಿಯಾದೆ. "ನಾನು ಮುಟ್ಟಿದ ಒಂದು ಗಾಡಿ ಸ್ಟಾರ್ಟ್ ಆಗದಿದ್ದರೆ, ಅದನ್ನು ಮಾಲೀಕನ ಮನೆ ತನಕ ನಾನೇ ತಳ್ಳಿಕೊಂಡು ಹೋಗ್ತೀನಿ!" ಅಂದುಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ಅವನು ಸ್ವಂತ ಖರ್ಚಿನಲ್ಲಿ ಬೋರ್ಡ್ ಬರೆಸಿ ನನ್ನ ಅಂಗಡಿಯ ನೆತ್ತಿಗೇ ಕಟ್ಟಿಸಿದ: 'ಸ್ಟಾರ್ಟ್ ಆಗದಿದ್ದರೆ ಸೇಠ್ ತಳ್ಳುತ್ತಾನೆ.' ಪುಕ್ಕಟೆ ಬಂದ ಜಾಹೀರಾತು. ವ್ಯಾಪಾರಿ ಆದವನು ಕೀಳಿಸುತ್ತಾನೆಯೇ? ಬಿಟ್ಟೆ. ಆದರೆ ಒಂದು ಗಾಡಿ ಕೈಕೊಟ್ಟರೂ ಹೆಸರೂ ಹೋಯಿತು, ಸೀಜನ್ನೂ ಹೋಯಿತು, ಗೋದಾಮಿನ ಮಾಲು ನಾನೇ ಮೈಗೆ ಹಚ್ಚಿಕೊಂಡು ಮೀಯಬೇಕು.

ನನ್ನ ಹೆಂಡತಿ ಬೋರ್ಡ್ ನೋಡಿ, "ಏನ್ರೀ, ನಿಮ್ಮ ಮೊಣಕಾಲು ನಮ್ಮ ಮನಿ ಮೆಟ್ಲಾ ಏರಾಕ ಒಲ್ಲೆ ಅಂತಾವು. ಕಾರು ತಳ್ತೀರಿ?" ಅಂದಳು.

"ತಳ್ಳೂ ಹೊತ್ತು ಬರಂಗಿಲ್ಲ ಬಿಡು," ಅಂದೆ.

ನೀರಿನ ಸಪ್ಪಳ

ಬೋರ್ಡ್ ಏರಿದ ಮೇಲೆ ಬಂದ ಮೊದಲ ಗಿರಾಕಿ ಧಾರವಾಡ ಕಡೆಯವರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ಮಾಡಿ ನಿವೃತ್ತರಾದವರು. ಅವರು ಒಪ್ಪಿದರೆ ದೇವರೂ ಒಪ್ಪಿದಂತೆ. ಸ್ಟೂಲ್ ಹಾಕಿಸಿಕೊಂಡು ನನ್ನೆದುರಿಗೇ ಕೂತರು. ನಾನು ವೈರ್ ಬಿಚ್ಚಿದೆ, ಪ್ಲಾಸ್ಟಿಕ್ ಕಟ್ಟಿದೆ, ಧೂಳು ಹಾರಿಸಿದೆ, ಸ್ಪ್ರೇಯನ್ನು ಬಟ್ಟೆಗೆ ಹೊಡೆದುಕೊಂಡು ಸಂದಿಗೊಂದಿ ಒರೆಸಿದೆ. ಎಂಜಿನ್ ಹೊಸ ತಪೇಲಿಯಂತೆ ಹೊಳೆಯಿತು.

"ಸಾಹುಕಾರ್ರ, ಶುರು ಯಾವಾಗ ಮಾಡ್ತೀರಿ?" ಅಂದರು.

"ಮುಗೀತಲ್ರೀ."

"ಮುಗೀತು? ನೀರು?"

"ನೀರ್ಯಾಕ್ರಿ? ಒಳಗ ಸೆನ್ಸಾರ್ ಅದಾವು, ಕಾಯಿಲ್ ಅದಾವು. ನೀರು ಬಿದ್ರ ಕುತ್ತು."

ಅವರು ಜೇಬಿನಿಂದ ಬಿಳಿ ಕರ್ಚೀಫು ತೆಗೆದರು. ಎಂಜಿನ್ನಿನ ಮೇಲೆ ಉಜ್ಜಿದರು, ಕೆಳಗೆ ಉಜ್ಜಿದರು, ಬೆರಳು ಹೋಗದ ಕಡೆ ಪೆನ್ನಿಗೆ ಸುತ್ತಿ ಉಜ್ಜಿದರು. ಕರ್ಚೀಫು ಬಿಳಿ ಇದ್ದದ್ದು ಬಿಳಿಯೇ ಉಳಿಯಿತು. ಗಾಡಿ ಸ್ಟಾರ್ಟ್ ಮಾಡಿದರು. ಒಂದೇ ಏಟಿಗೆ ಎದ್ದಿತು. ಆದರೂ ಮುಖ ಅರಳಲಿಲ್ಲ.

"ಸ್ವಚ್ಛ ಆಗೇತ್ರಿ," ಅಂದರು, ಹಲ್ಲುನೋವಿನವರ ಹಾಗೆ. "ಆದರ ತೊಳದಂಗ ಆಗಿಲ್ಲ."

ನಾನು ಇಷ್ಟು ವರ್ಷ ಗಲ್ಲೆಯ ಮೇಲೆ ಕೂತು ಕಲಿತದ್ದು ಒಂದೇ. ಗಿರಾಕಿಗೆ ಬೇಕಾದದ್ದು ಮಾಲಲ್ಲ, ಸಮಾಧಾನ. "ಬಾನೆಟ್ ಇಳಸ್ರಿ, ಕಣ್ಣು ಮುಚ್ಚಿ ನಿಂದರ್ರಿ," ಅಂದೆ. ನಲ್ಲಿಗೆ ಪೈಪು ಸಿಕ್ಕಿಸಿ, ಕಾರಿನ ಆ ಬದಿ ನಿಂತಿದ್ದ ಬೇವಿನ ಗಿಡದ ಬುಡಕ್ಕೆ ಜೋರಾಗಿ ಬಿಟ್ಟೆ. ಸೊಂಯ್ ಅಂತ ಸಪ್ಪಳ. ಅವರ ಮುಖ ಹುಣ್ಣಿಮೆಯಾಯಿತು!

"ಈಗ ನೋಡ್ರಿ," ಅಂದರು ಕಣ್ಣು ತೆರೆಯದೆಯೇ, "ಎಂಜಿನ್ ತಂಪಾತು."

ಅಂದಿನಿಂದ ಎಲ್ಲ ಗಿರಾಕಿಗೂ ಕಡೆಗೊಮ್ಮೆ ಪೈಪು ಬಿಡುತ್ತೇನೆ. ನಮ್ಮ ರಸ್ತೆಯಲ್ಲಿ ಅಷ್ಟು ಸೊಂಪಾದ ಬೇವಿನ ಗಿಡ ಇನ್ನೊಂದಿಲ್ಲ. ಅದು ಬೆಳೆದಷ್ಟೂ ಗಿರಾಕಿಗಳ ಎಂಜಿನ್ ತಂಪಾಗಿದೆ ಅಂತ ಲೆಕ್ಕ.

ಪಂಚಮಿ ಸೀರೆ

ಕೆಲವರಿಗೆ ತಾವೇ ಮಾಡಬೇಕೆಂಬ ಹುಕಿ. ತಾರ್ನಾಕದಲ್ಲಿರುವ ಒಬ್ಬ ಬ್ಯಾಂಕಿನವರು, ಬಾಗಲಕೋಟೆ ಕಡೆಯವರು, ನಾಗರಪಂಚಮಿ ಮುಗಿದ ವಾರ ಬಂದು ಬ್ರಶ್ಶು, ಸ್ಪ್ರೇ ಎಲ್ಲ ಕೊಂಡರು. ಮಾಲು ಕೊಂಡವನಿಗೆ ಬುದ್ಧಿ ಪುಕ್ಕಟೆ. ಹಾಗಾಗಿ ಕೂರಿಸಿ ಹೇಳಿದೆ.

"ಪ್ಲಾಸ್ಟಿಕ್ ಚೀಲ ಕಟ್ರಿ, ಸ್ವಚ್ಛ ಮಾಡ್ರಿ, ಒಣಗಸ್ರಿ. ಸ್ಟಾರ್ಟ್ ಮಾಡೂಕಿಂತ ಮೊದಲ ಚೀಲ ಎಲ್ಲಾ ತಗೀರಿ. ಮರೀಬ್ಯಾಡ್ರಿ."

"ಅಣ್ಣಾರ, ನಾ ಬ್ಯಾಂಕಿನಾಂವ. ಮರಿಯೂದು ನನ್ನ ರಕ್ತದಾಗ ಇಲ್ಲ."

ಭಾನುವಾರ ಫೋನು ಬಂತು. "ಅಣ್ಣಾರ, ಸ್ಟಾರ್ಟ್ ಆತ್ರಿ, ಒಂದ ಸಲಕ್ಕ! ಆದರ ಕರಿಗಡಬು ಸೀದಂಗ ವಾಸನಿ ಬರಾಕತ್ತೈತಿ."

ಗಾಡಿ ನಾನು ಮುಟ್ಟದಿದ್ದರೂ ಬುದ್ಧಿ ನನ್ನದಲ್ಲವೇ! "ಬಂದ್ ಮಾಡ್ರಿ ಮೊದಲ!" ಅಂದು ಸ್ಕೂಟರ್ ಹತ್ತಿ ಓಡಿದೆ. ಬಾನೆಟ್ ಎತ್ತಿದರೆ ಹೊಗೆಯ ಪೈಪಿನ ಮೇಲೆ ಒಂದು ಚೀಲ ಕರಗಿ ಅಂಟಿಕೊಂಡಿದೆ, ಅರ್ಧ ಇದೆ, ಅರ್ಧ ಆವಿ.

"ತಗೀರಿ ಅಂದಿದ್ನಲ್ರೀ?"

"ತಗದೀನ್ರಿ! ನೆನಪಿದ್ದೂವೆಲ್ಲಾ ತಗದೀನಿ!"

ಬಿಸಿ ಇರುವಾಗ ಕೆರೆಯಬಾರದು, ಬಳಿದುಕೊಂಡು ಇನ್ನಷ್ಟು ಹರಡುತ್ತದೆ. ತಣ್ಣಗಾಗುವ ತನಕ ಕಾದು, ಕಟ್ಟಿಗೆಯ ಚಮಚದಿಂದ ಮೆಲ್ಲಗೆ ಎಬ್ಬಿಸಿದೆ. ಉಳಿದಿದ್ದ ಅರ್ಧ ಚೀಲ ಇಡಿಯಾಗಿ ಕೈಗೆ ಬಂತು. ವೈರ್ ಒಂದೂ ಸುಟ್ಟಿರಲಿಲ್ಲ. ಗೆದ್ದೆ ಅಂತ ಚೀಲವನ್ನು ಮೇಲೆತ್ತಿ ಹಿಡಿದೆ. ಹಿಂದೆ ಚಹಾ ತಟ್ಟೆ ಹಿಡಿದು ನಿಂತಿದ್ದ ಅವರ ಹೆಂಡತಿ ಅದರ ಮೇಲಿದ್ದ ಬಂಗಾರದ ಅಕ್ಷರ ಓದಿದರು. ಸುಲ್ತಾನ್ ಬಜಾರಿನ ಒಂದು ಭಾರಿ ರೇಷ್ಮೆ ಸೀರೆ ಅಂಗಡಿ.

"ರೀ," ಅಂದರು ಬಲು ಮೆತ್ತಗೆ, "ಈ ಅಂಗಡಿ ಸೀರಿ ನಮ್ಮ ಮನೀಗೆ ಯಾವಾಗ ಬಂತು?"

ನಮ್ಮ ಕಡೆ ಪಂಚಮಿಗೆ ಅಣ್ಣ ತಂಗಿಗೆ ಸೀರೆ ಕೊಡಬೇಕು. ಇವರು ತಂಗಿಗೆ ಮೂಲೆಯಂಗಡಿಯ ನೂಲಿನ ಸೀರೆ ಕೊಟ್ಟೆ ಅಂತ ಮನೆಯಲ್ಲಿ ಹೇಳಿದ್ದರಂತೆ. ಬ್ಯಾಂಕಿನವರು ಎಂಜಿನ್ನಿನೊಳಗೆ ತಲೆ ಹಾಕಿ, "ಅಣ್ಣಾರ, ಈ ಕೆಂಪು ವೈರ್ ಯಾವುದ್ರೀ?" ಅಂತ ಕೇಳಿದರು. ನಾನು ಚಹಾ ಕುಡಿಯದೆ ಹೊರಟೆ.

ಮುಂದಿನ ವಾರ ಅದೇ ಅಂಗಡಿಯ ಹೊಸ ಚೀಲ ಹಿಡಿದು ನನ್ನ ಮುಂದೆಯೇ ಹಾದು ಹೋಗುತ್ತಿದ್ದರು. "ಮತ್ತ ಎಂಜಿನ್ ಸ್ವಚ್ಛ ಮಾಡ್ತೀರೇನ್ರಿ?" ಅಂದೆ.

"ಎಂಜಿನ್ ಚಲೋ ಐತ್ರಿ," ಅಂದರು. "ಮನೀನ ಸ್ಟಾರ್ಟ್ ಆಗವಲ್ದು."

ಇಲಿಗೆ ನೈವೇದ್ಯ

ಗಣಪತಿ ಹಬ್ಬದ ಹೊತ್ತಿಗೆ ಉಪ್ಪಲ್ಲಿನ ಒಂದು ಕಾರು ನನ್ನ ನಿದ್ದೆ ಕೆಡಿಸಿತು. ಸ್ವಚ್ಛ ಮಾಡಿ ಕಳಿಸಿದರೆ ವಾರದೊಳಗೆ ವಾಪಸು. ಇಲಿ ವೈರ್ ಕಡಿದಿರುತ್ತಿತ್ತು. ವೈರಿಗೆ ಟೇಪು ಸುತ್ತಿದೆ, ಇಲಿಯ ವಾಸನೆ ಹೋಗುವಂತೆ ಒರೆಸಿದೆ, ಇಲಿಗಾಗದ ಸ್ಪ್ರೇ ಹೊಡೆದೆ. ಇಲಿ ಅದನ್ನು ಒಗ್ಗರಣೆ ಅಂದುಕೊಂಡು ತಿಂದಿತು.

ಕಾರಿನವರು ಬೋರ್ಡ್ ಕಡೆ ಬೆರಳು ತೋರಿಸಿ, "ಸಾಹುಕಾರ್ರ, ನಾಳೆ ಇದು ನಿಂತ್ರ ಉಪ್ಪಲ್ ತನಕ ನೀವ ತಳ್ತೀರಲ್ಲ?" ಅಂದರು. ಎದುರಿನವನು ಬೆರಳು ಹೋದ ದಿಕ್ಕು ನೋಡಿಯೇ ನಕ್ಕ.

ಇದನ್ನು ಬಿಡುವ ಹಾಗಿಲ್ಲ ಅಂತ ಮರುದಿನ ಬೆಳಿಗ್ಗೆ ಬೆಳಿಗ್ಗೆಯೇ ಅವರ ಮನೆಗೆ ಹೋಗಿ ಗೇಟಿನ ಬಳಿ ನಿಂತೆ. ಅವರ ತಾಯಿ ಸ್ನಾನ ಮುಗಿಸಿ ಹೊರಗೆ ಬಂದರು. ಕಾರಿನ ಬಾಗಿಲು ತೆಗೆದು, ಒಳಗೆ ಕೈಹಾಕಿ ಖಟ್ ಅಂತ ಬಾನೆಟ್ ಬಿಚ್ಚಿದರು! ಪಕ್ಕಾ ಮೆಕ್ಯಾನಿಕ್ಕಿನ ಕೈ. ಬ್ಯಾಟರಿಯ ಮೇಲೆ ಬೆಲ್ಲ, ಕೊಬ್ಬರಿ, ಒಂದು ಹಿಡಿ ಚುರುಮುರಿ ಇಟ್ಟು ಕೈಮುಗಿದರು.

"ಅವ್ವಾರ! ಏನಿದು?"

"ನೈವೇದ್ಯನಪ್ಪಾ. ಗಾಡಿ ಜೀವ ಇಲ್ಲೇ ಐತಿ ಅಂತ ನನ್ನ ಮಗಾನ ಹೇಳ್ಯಾನ. ದಿನಾ ಇಡ್ತೀನಿ, ದಿನಾ ಖಾಲಿ ಆಗ್ತೈತಿ. ದೇವ್ರು ಒಪ್ಪ್ಯಾನ!"

"ಅದನ್ನ ಇಲಿ ತಿಂತಾವ್ರಿ, ಅವ್ವಾರ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಮತ್ತ? ಗಣಪತಿ ತಾನ ಬಂದು ತಿಂತಾನೇನು? ವಾಹನಾ ಕಳಸ್ತಾನ."

ವಾದ ಮಾಡಿ ಗೆದ್ದರೆ ಗಿರಾಕಿ ಹೋಗುತ್ತಾನೆ, ಅದು ದಂಧೆಯ ಮೊದಲ ಪಾಠ. "ಅವ್ವಾರ, ಈ ಗಾಡೀಗೆ ನೈವೇದ್ಯ ಭರ್ತಿ ಆಗೇತಿ. ಇನ್ನ ಇಟ್ರ ಅಜೀರ್ಣ ಆಗ್ತೈತಿ," ಅಂದೆ.

ಅವರು ಯೋಚಿಸಿದರು. "ಹೌದೇಳು. ಉಂಡವರಿಗೇ ಯಾಕ ಬಡಸೂದು?"

ವೈರ್ ಕಡಿಯುವುದು ಅಂದಿನಿಂದಲೇ ನಿಂತಿತು. ಹದಿನೈದು ದಿನ ಬಿಟ್ಟು ಅದೇ ಓಣಿಯ ಪಕ್ಕದ ಮನೆಯವರು ಬಂದು, "ಸೇಠ್, ನಮ್ಮ ಗಾಡಿಗೆ ಎಂದೂ ಇಲ್ಲದ ಇಲಿ ಬಂದಿವೆ, ಟೈರಿನ ಮೇಲೆ ಕೊಬ್ಬರಿ ಚೂರು ಬೇರೆ ಬಿದ್ದಿರುತ್ತೆ," ಅಂದರು. ನಾನು ಟೇಪು ಕೊಟ್ಟೆ, ಸ್ಪ್ರೇ ಕೊಟ್ಟೆ. ದೇವರ ವಿಷಯದಲ್ಲಿ ವ್ಯಾಪಾರಿ ಬಾಯಿ ಹಾಕಬಾರದು.

ಲೋಬಾನ್ ಬಾಬಾ

ಎದುರಿನವನ ಕಥೆಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ನಾನು ಅದನ್ನು ಹೇಳದೆ ಇದ್ದ ದಿನವೂ ಇಲ್ಲ.

ಒಂದು ಗುರುವಾರ ಒಬ್ಬರು ನನ್ನ ಬಳಿ ಬಂದು, ಊರಿಂದ ಅತ್ತೆ ಬರುತ್ತಾರೆ, ಸ್ಟೇಷನ್ನಿಗೆ ಹೋಗಬೇಕು, ಎಂಜಿನ್ ಬೇಗ ಸ್ವಚ್ಛ ಮಾಡಿ ಅಂದರು. ಅತ್ತೆ ಬಾನೆಟ್ ತೆಗೆದು ನೋಡುತ್ತಾರೆಯೇ ಅಂತ ನಾನು ಕೇಳಲಿಲ್ಲ. ಕೆಲವು ಅತ್ತೆಯಂದಿರು ನೋಡುತ್ತಾರೆ. "ಎಂಜಿನ್ ಬಿಸಿ ಐತ್ರಿ, ಆರಲಿ," ಅಂದೆ. ಅವರಿಗೆ ತಾಳ್ಮೆ ಇಲ್ಲ. ಎದುರಿಗೆ ಹೋದರು. ಎದುರಿನವನು ಪೈಪು ಬಿಟ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ಎಂಜಿನ್ ಜಳಕ ಮುಗಿಯಿತು. ಕೀಲಿ ತಿರುಗಿಸಿದರೆ ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ಕೆಮ್ಮುವುದನ್ನೂ ಬಿಟ್ಟಿತು.

ನಾನು ಕುರ್ಚಿ ಹೊರಗೆ ಹಾಕಿಸಿ ಚಹಾ ತರಿಸಿಕೊಂಡೆ.

ಎದುರಿನವನು ಒಣ ಬಟ್ಟೆ ತರಲು ಒಳಗೆ ಹೋದ. ಅತ್ತೆಯ ಅಳಿಯ ರಸ್ತೆಯಲ್ಲಿ ಕುಣಿಯುತ್ತಿದ್ದ. ಅದೇ ಹೊತ್ತಿಗೆ, ಗುರುವಾರವಾದ್ದರಿಂದ, ಅಂಗಡಿ ಅಂಗಡಿಗೂ ಧೂಪದ ಹೊಗೆ ಹಾಕುತ್ತಾ ಲೋಬಾನ್ ಬಾಬಾ ಬಂದ. ಒಂದು ಕೈಯಲ್ಲಿ ಕೆಂಡದ ಪಾತ್ರೆ, ಇನ್ನೊಂದರಲ್ಲಿ ನವಿಲುಗರಿ ಬೀಸಣಿಗೆ. ಅಳಿಯನ ತಲೆಯಲ್ಲಿ ದೀಪ ಹೊತ್ತಿತು. "ಬಾಬಾ, ಇಧರ್ ಆವೋ!" ಅಂತ ಕೈಬೀಸಿ ಕರೆದ. ಒಂದೇ ಹೊಗೆಗೆ ಎಂಜಿನ್ ಒಣಗಬೇಕು, ದೃಷ್ಟಿಯೂ ಇಳಿಯಬೇಕು.

"ಪೆಟ್ರೋಲಿನ ಹತ್ರ ಕೆಂಡ ಒಯ್ಯಬ್ಯಾಡ್ರೋ!" ಅಂತ ಕೂಗಿದೆ. ಬಾಬಾ ಜಾಣ. ಪಾತ್ರೆಯನ್ನು ದೂರ ಇಟ್ಟು ಬೀಸಣಿಗೆಯಿಂದ ಹೊಗೆಯನ್ನಷ್ಟೇ ಬಾನೆಟ್ಟಿನೊಳಗೆ ತುಂಬಿಸಿದ. ಎಂಥ ಹೊಗೆ! ಮೆಟ್ರೋ ಮೆಟ್ಟಿಲ ಮೇಲಿದ್ದವರು "ಕಾರಿಗೆ ಬೆಂಕಿ! ಬೆಂಕಿ!" ಅಂತ ಬೊಬ್ಬೆ ಹೊಡೆದರು. ಎದುರಿನವನು ಒಣ ಬಟ್ಟೆ ಬಿಸಾಡಿ ಹೊರಗೆ ಹಾರಿದ, ಹೊಗೆ ನೋಡಿದ, ಪೈಪು ಎತ್ತಿ ಪೂರ್ತಿ ಪ್ರೆಶರಿನಲ್ಲಿ ಬಿಟ್ಟ! ಎಂಜಿನ್ನು, ಅಳಿಯ, ಬಾಬಾ, ನವಿಲುಗರಿ ಎಲ್ಲವೂ ಒಂದೇ ನೀರಿನಲ್ಲಿ ಮಿಂದವು.

ಬಾಬಾ ಗಡ್ಡ ಹಿಂಡಿಕೊಂಡು ಅಳಿಯನ ಕಡೆ ತಿರುಗಿದ. "ನಜರ್ ಉತರ್ ಗಯೀ, ಬೇಟಾ," ಅಂದ. ದೃಷ್ಟಿ ಇಳಿಯಿತು ಮಗನೇ ಅಂತ. "ಅಬ್ ಆಟೋ ಬುಲಾಲೋ." ಇನ್ನು ಆಟೋ ಕರೆಸಿಕೋ ಅಂತ.

ಆಯುಧಪೂಜೆಯ ಬೆಳಿಗ್ಗೆ

ಲೋಬಾನ್ ಪ್ರಸಂಗದ ಮೇಲೆ ಎದುರಿನ ಗಿರಾಕಿಗಳೆಲ್ಲ ರಸ್ತೆ ದಾಟಿ ಈಚೆ ಬಂದರು. ಎದುರಿನವನಿಗೆ ಉಳಿದದ್ದು ಒಂದೇ ಆಸೆ: ನನ್ನದೊಂದು ಗಾಡಿ, ಒಂದೇ ಒಂದು ಗಾಡಿ, ಜನರ ಮುಂದೆ ನಿಲ್ಲಬೇಕು.

ಆಯುಧಪೂಜೆಯ ದಿನ ಬಂತು. ಅಂಗಡಿ ಮುಂದೆ ಚೆಂಡುಹೂವಿನ ಸರ, ಬೂದುಗುಂಬಳದ ರಾಶಿ, ಮಿಂಚುವ ಕಾರುಗಳ ಸಾಲು. ಸಾಲಿನ ಮೊದಲಿಗೆ ಸುಲ್ತಾನ್ ಬಜಾರಿನ ಒಬ್ಬ ಬಟ್ಟೆ ವ್ಯಾಪಾರಿಯ ಹೊಸ ಕಾರು. ನಮ್ಮ ಕಡೆಯವರೇ, ವಿಜಯಪುರದವರು. ಊರಿನ ಕನ್ನಡ ವ್ಯಾಪಾರಿಗಳೆಲ್ಲ ಅವರ ಮಾತಿಗೆ ತಲೆದೂಗುವವರು. ಅವರ ಗಾಡಿ ಚೆನ್ನಾಗಿ ಎದ್ದರೆ ನಾಳೆ ವಿಜಯದಶಮಿಗೆ ಅಷ್ಟೂ ಜನ ನನ್ನ ಬಾಗಿಲಿಗೆ. ಏಳದಿದ್ದರೆ ಮಧ್ಯಾಹ್ನದೊಳಗೆ ಇಡೀ ಹೈದರಾಬಾದಿಗೆ ಸುದ್ದಿ. ಅದಕ್ಕೇ ಆ ಎಂಜಿನ್ನನ್ನು ನಾನು ಕೂಸಿನ ಕಿವಿ ಒರೆಸಿದ ಹಾಗೆ ಒರೆಸಿದ್ದೆ. ಒಣಗಿಸಿ, ಪ್ಲಾಸ್ಟಿಕ್ ತೆಗೆದು, ವೈರ್ ಬಿಗಿದು, ಸ್ವತಃ ಸ್ಟಾರ್ಟ್ ಮಾಡಿ ನೋಡಿ ಬಂದ್ ಮಾಡಿದ್ದೆ.

ವ್ಯಾಪಾರಿ ರೇಷ್ಮೆ ಧೋತರ ಉಟ್ಟು ಬಂದರು. ಅವರ ಹೆಂಡತಿ ಪೂಜೆಯ ತಟ್ಟೆ ತಂದಿದ್ದರು. "ಒಳ್ಳೆ ಗಳಿಗಿ ಈಗ ಐತ್ರಿ ಅಣ್ಣಾರ, ಮನೀಗೆ ಹೋಗೂದ್ರಾಗ ಮುಗೀತೈತಿ. ಇಲ್ಲೇ ಪೂಜಾ ಮಾಡಿಬಿಡ್ತೀವಿ," ಅಂದರು. ಇದಕ್ಕಿಂತ ಜಾಹೀರಾತು ಬೇಕೇ! "ಮಾಡ್ರಿ ಅಕ್ಕಾರ," ಅಂದು ಬೇರೆ ಗಿರಾಕಿ ಕಡೆ ತಿರುಗಿದೆ. ಅವರು ಕಾರಿನ ಒಳಗೂ ಹೊರಗೂ ಅರಿಶಿನ ಕುಂಕುಮ ಹಚ್ಚಿದರು, ಹೂ ಇಟ್ಟರು, ಕರ್ಪೂರ ಸಿದ್ಧ ಮಾಡಿಕೊಂಡು ಗಂಡನನ್ನು ಒಳಗೆ ಕೂರಿಸಿದರು.

"ಚಾಲೂ ಮಾಡ್ರಿ!"

ಅದು ಬಟನ್ ಒತ್ತುವ ಗಾಡಿ. ವ್ಯಾಪಾರಿ ಒತ್ತಿದರು. ದೀಪ ಬಂತು, ಗಡಿಯಾರ ಬಂತು, ಭಜನೆ ಕೂಡ ಬಂತು. ಎಂಜಿನ್ ಬರಲಿಲ್ಲ.

ಮತ್ತೆ ಒತ್ತಿದರು. ಭಜನೆ ನಿಂತಿತು.

ಇಡೀ ರಸ್ತೆ ನನ್ನ ಕಡೆ ತಿರುಗಿತು. ನಾನು ಬಾನೆಟ್ ಎತ್ತಿದೆ. ಬ್ಯಾಟರಿ ವೈರ್ ಬಿಗಿ. ಫ್ಯೂಸ್ ಡಬ್ಬಿ ಒಣ ಖರ್ಜೂರ. ಒಂದು ಹನಿ ನೀರಿಲ್ಲ, ಒಂದು ಚೂರು ಪ್ಲಾಸ್ಟಿಕ್ ಇಲ್ಲ. ನನ್ನ ಬೆನ್ನ ಮೇಲೆ ಮಾತ್ರ ನೀರು ಇಳಿಯತೊಡಗಿತು. "ಮತ್ತೊಮ್ಮೆ ಒತ್ರಿ!" ಅಂದೆ. ಮತ್ತೆ ಭಜನೆ!

ತಿರುಗಿ ನೋಡಿದರೆ ಎದುರಿನವನು ರಸ್ತೆ ದಾಟಿ ಬರುತ್ತಿದ್ದ, ಕೈಯಲ್ಲಿ ತೋಳು ಗಾತ್ರದ ಹಾರ. ಯಾವಾಗಿನಿಂದ ತರಿಸಿಟ್ಟಿದ್ದನೋ! ಹಾರವನ್ನು ನನ್ನ ಕೊರಳಿಗೆ ಹಾಕಿ, ಬೋರ್ಡಿಗೆ ಕೈಮುಗಿದು, "ಸೇಠ್, ಗಳಿಗೆ ಮೀರ್ತಿದೆ. ಶುರು ಮಾಡಿ," ಅಂದ.

ಆಡಿದ ಮಾತು ಆಡಿದ್ದೇ. ನುಂಗಿದರೆ ಗಲ್ಲೆಯ ಮೇಲೆ ಕೂರುವ ಮುಖವಿಲ್ಲ. ಧೋತರ ಎತ್ತಿ ಕಟ್ಟಿ ಕಾರಿನ ಹಿಂದೆ ನಿಂತೆ.

"ಮೊಣಕಾಲು! ಮೊಣಕಾಲು!" ಅಂತ ನನ್ನ ಹೆಂಡತಿ ಗಲ್ಲೆಯಿಂದ ಕೂಗಿದಳು.

"ಹ್ಯಾಂಡ್‌ಬ್ರೇಕ್ ಬಿಡ್ರಿ!" ಅಂದು ದಬ್ಬಿದೆ. ಮೊದಲು ಕಾರು ಅಲುಗಲಿಲ್ಲ, ನಾನೇ ಅಲುಗಿದೆ. ಜನ "ಹೈಸಾ!" ಅಂದರು. ಮತ್ತೆ ದಬ್ಬಿದೆ. ಹೊರಟಿತು! ನಮ್ಮ ಅಂಗಡಿ ಮುಂದಿನ ಜಾಗ ರಸ್ತೆ ಕಡೆಗೆ ಸ್ವಲ್ಪ ಇಳಿಜಾರು. ಕಾರು ನನ್ನ ಕೈ ಬಿಟ್ಟು ತಾನೇ ನಡೆಯತೊಡಗಿತು. ಮುಂದೆ ಕುಂಬಳಕಾಯಿಯ ರಾಶಿ, ಅದರ ಮುಂದೆ ಓಡುವ ಬಸ್ಸು!

"ಬ್ರೇಕ್ ಹಾಕ್ರೀ!"

"ಹ್ಯಾಂಗ್ ಹಾಕ್ಲ್ರೀ?" ಅಂತ ಒಳಗಿಂದ ಕೂಗು.

"ಹ್ಯಾಂಗ್ ಅಂದ್ರ? ಹಾಕ್ರೀ!"

ಕಿರ್ರ್ ಅಂತ ಹ್ಯಾಂಡ್‌ಬ್ರೇಕ್ ಎಳೆದ ಸಪ್ಪಳ. ಒಂದು ಕುಂಬಳಕಾಯಿ ಒಡೆದು ಕಾರು ನಿಂತಿತು. ನಾನು ಏದುಸಿರು ಬಿಡುತ್ತಾ ಓಡಿ ಕಿಟಕಿಯಲ್ಲಿ ಇಣುಕಿದೆ. ವ್ಯಾಪಾರಿ ಸೀಟಿನ ಮೇಲೆ, ಊಟದ ಪಂಕ್ತಿಯಲ್ಲಿ ಕೂತಂತೆ, ಚಕ್ಕಳಮಕ್ಕಳ ಹಾಕಿ ಕೂತಿದ್ದರು!

"ಕಾಲು ಯಾಕ್ರೀ ಮ್ಯಾಲೆ?"

"ಕೆಳಗ ಹ್ಯಾಂಗ ಇಡ್ಲ್ರೀ? ಅಲ್ಲಿ ನೋಡ್ರಿ."

ನೋಡಿದೆ. ಬ್ರೇಕಿಗೆ ಕುಂಕುಮ, ಚೆಂಡುಹೂವು. ಆಕ್ಸಲರೇಟರಿಗೆ ಕುಂಕುಮ, ಚೆಂಡುಹೂವು. ಕ್ಲಚ್ಚಿಗೆ ಎರಡು ಚೆಂಡುಹೂವು. ಈ ಬಟನ್ ಗಾಡಿಗಳದು ಒಂದೇ ಹಟ: ಕ್ಲಚ್ ಪೂರ್ತಿ ಒತ್ತದಿದ್ದರೆ, ಬಟನ್ ಸವೆಯುವ ತನಕ ಒತ್ತಿದರೂ ಎಂಜಿನ್ ಏಳುವುದಿಲ್ಲ.

"ಕ್ಲಚ್ ಒತ್ತಿಲ್ಲೇನ್ರೀ ನೀವು?"

"ಅಣ್ಣಾರ! ಪೂಜಾ ಆದದ್ದಕ್ಕ ಕಾಲು ಹಚ್ಚಂತೀರೇನು, ಹಬ್ಬದ ದಿನ?"

"ದಿನಾ ಒತ್ತೇ ಅಲ್ರೀ ಚಾಲೂ ಮಾಡೂದು?"

"ದಿನಾ ಅದು ಕ್ಲಚ್ ಇರ್ತೈತ್ರಿ. ಇವತ್ತು ದೇವ್ರು."

ಜೀವ ಬಂದಂತಾಯಿತು. ಎಂಜಿನ್ ಗಟ್ಟಿ ಇದೆ, ನನ್ನ ಕೆಲಸ ಗಟ್ಟಿ ಇದೆ! "ಹಂಗಾದ್ರ ಅಕ್ಕಾರ, ಮೊದಲ ಆರತಿ ಎತ್ತಿಬಿಡ್ರಿ. ಆಮ್ಯಾಲೆ ಹೂ ತಗದು ಕಾಲಿಡ್ತಾರ."

ಅಕ್ಕ ತಲೆ ಅಲ್ಲಾಡಿಸಿದರು. "ಬರಂಗಿಲ್ರಿ. ನಮ್ಮ ಮನ್ಯಾಗ ಚಾಲೂ ಇದ್ದ ಗಾಡೀಗೇ ಆರತಿ. ನಿಂತ ಗಾಡೀಗೆ ಎತ್ತೂದು ಅಪಶಕುನ."

ಆರತಿ ಆಗದೆ ಕಾಲಿಡುವಂತಿಲ್ಲ. ಕಾಲಿಡದೆ ಎಂಜಿನ್ ಏಳುವಂತಿಲ್ಲ. ಎಂಜಿನ್ ಏಳದೆ ಆರತಿ ಆಗುವಂತಿಲ್ಲ. ಎದುರಿನವನು ಇದನ್ನೆಲ್ಲ ಯಾರಿಂದಲೋ ತೆಲುಗಿನಲ್ಲಿ ಹೇಳಿಸಿಕೊಂಡು, "ಒಳ್ಳೇದಾಯ್ತು. ಸುಲ್ತಾನ್ ಬಜಾರ್ ದೂರ ಇದೆ ಸೇಠ್, ಈಗಲೇ ಹೊರಡಿ," ಅಂದ.

ಸುಲ್ತಾನ್ ಬಜಾರ್ ತನಕ ತಳ್ಳುವ ಚಿತ್ರ ಕಣ್ಣ ಮುಂದೆ ಬಂದ ಕೂಡಲೇ ನನ್ನ ಬುದ್ಧಿ ಓಡಿತು.

"ಕಾಲು ಹಚ್ಚಬಾರದು, ಖರೆ," ಅಂದೆ. "ಕೈ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಕೈ... ಹಚ್ಚಬಹುದ್ರಿ," ಅಂದರು ಅಕ್ಕ. "ಕೈ ಹಚ್ಚಿದ್ರ ನಮಸ್ಕಾರ ಆಗ್ತೈತಿ."

ಅಷ್ಟೇ! ಹಾರ ಸಮೇತ ತಲೆ ಮುಂದು ಮಾಡಿ ಸ್ಟೇರಿಂಗಿನ ಕೆಳಗೆ ನುಗ್ಗಿದೆ. ಹೊಟ್ಟೆ ಬಾಗಿಲ ಹೊಸ್ತಿಲ ಮೇಲೆ, ಮುಂದಿನ ಅರ್ಧ ಒಳಗೆ, ಹಿಂದಿನ ಅರ್ಧ ಹೈದರಾಬಾದಿಗೆ. ಎರಡೂ ಅಂಗೈಯಿಂದ ಕ್ಲಚ್ಚನ್ನು ನೆಲಕ್ಕೆ ಅದುಮಿದೆ. "ಒತ್ರೀ!"

ಘರ್ರ್ ಅಂತ ಎಂಜಿನ್ ಎದ್ದಿತು! ಒಂದೇ ಏಟಿಗೆ! ರಸ್ತೆ ತುಂಬಾ ಚಪ್ಪಾಳೆ, ಸಿಳ್ಳೆ. ನಾನು ಹೊರಗೆ ಬರಲು ಕೊಸರಾಡಿದೆ.

"ಅಲುಗಬ್ಯಾಡ್ರಿ ಅಣ್ಣಾರ!" ಅಂತ ಅಕ್ಕನ ಧ್ವನಿ. "ಕೈ ಬಿಟ್ರ ಬಂದ್ ಆದೀತು. ಆರತಿ ಮುಗಿಯೂತನಾ ಹಂಗ ಇರ್ರಿ."

ಗಾಡಿ ನ್ಯೂಟ್ರಲ್ಲಿನಲ್ಲಿತ್ತು. ಒಮ್ಮೆ ಎದ್ದ ಎಂಜಿನ್ ಕೈ ಬಿಟ್ಟರೆ ನಿಲ್ಲುವುದಿಲ್ಲ ಅಂತ ಹೇಳಬೇಕೆಂದಿದ್ದೆ. ಆದರೆ ಬಾಯಲ್ಲಿ ಚೆಂಡುಹೂವಿತ್ತು. ಅಕ್ಕ ಆರತಿ ಹಾಡು ಶುರು ಮಾಡಿದರು, ಒಂದು ನುಡಿಯನ್ನೂ ಬಿಡಲಿಲ್ಲ. ಆರತಿ ತಟ್ಟೆ ಕಾರಿನ ಸುತ್ತ ತಿರುಗಿತು, ಕಾರಿನಿಂದ ಹೊರಗೆ ಚಾಚಿದ್ದಕ್ಕೂ ತಿರುಗಿತು. ಜನರೆಲ್ಲ ಅಕ್ಷತೆ ಹಾಕಿದರು. ಅದು ಎಲ್ಲಿ ಬಿತ್ತು ಅಂತ ನನಗೆ ಚೆನ್ನಾಗಿ ಗೊತ್ತು. ಎದುರಿನವನು ಮೊಬೈಲ್ ತೆಗೆದು ಮುಂದಿನಿಂದ, ಹಿಂದಿನಿಂದ, ವಿಶೇಷವಾಗಿ ಹಿಂದಿನಿಂದ, ಫೋಟೋ ಹೊಡೆದ.

ಸಂಜೆಯೊಳಗೆ ಆ ಫೋಟೋ ಕನ್ನಡ ವ್ಯಾಪಾರಿಗಳ ಗುಂಪಿನಲ್ಲೆಲ್ಲ ಸುತ್ತಿತು. ಹೆಸರು ಮುಗಿಯಿತು ಅಂತ ನಾನು ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡು ಮಲಗಿದೆ.

ಬೆಳಿಗ್ಗೆ ವಿಜಯದಶಮಿ. ಬಾಗಿಲು ತೆಗೆದರೆ ಕಾರುಗಳ ಸಾಲು ಮೆಟ್ರೋ ಸ್ಟೇಷನ್ ದಾಟಿದೆ! ಹೆಂಗಸರೆಲ್ಲ ಪೂಜೆಯ ತಟ್ಟೆ ಹಿಡಿದು ಕೂತಿದ್ದಾರೆ. ಮೊದಲ ಕಾರಿನ ಯಜಮಾನರು ಇಳಿದು ಬಂದು, ದನಿ ತಗ್ಗಿಸಿ ಕೇಳಿದರು: "ಸಾಹುಕಾರ್ರ, ಎಂಜಿನ್ ಸ್ವಚ್ಛ ಹ್ಯಾಂಗರ ಮಾಡ್ರಿ, ಅದು ನಡೀತೈತಿ. ಆದರ ಕೈಲೆ ಕ್ಲಚ್ ಒತ್ತಿ ಆರತಿ ಮಾಡಿಸ್ತೀರಂತಲ್ಲ, ಅದು ಇಲ್ಲಷ್ಟ ಏನು, ಮನೀಗೂ ಬರ್ತೀರೇನು?"

ಸೊಂಟ ಕಟ್ ಅಂದಿತು, ಮೊಣಕಾಲು ಕುಯ್ ಅಂದಿತು. ನಾನು ಎರಡನ್ನೂ ಸುಮ್ಮನಿರಿಸಿದೆ.

"ಬರ್ತೀನ್ರಿ," ಅಂದೆ. "ಆದರ ಅದರ ರೇಟು ಬ್ಯಾರೆ."